ಭಾಷಾಂತರಕಾರರೂ ಅವರ ಅನ್ನದ ಋಣವೂ

ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಕಡೆಯವರಿಗೆ ದೇವನೂರು ಪರದೇಶವಲ್ಲ. ಅದೂ ಅದೇ ತಾಲ್ಲೂಕಿನ ಗ್ರಾಮ. ಲಕ್ಷ್ಮೀಶ ಕವಿಯು ತನ್ನ ಕಾವ್ಯದಲ್ಲಿ ದೇವಪುರವೆಂದು ಕರೆದದ್ದು ಈ ಊರನ್ನೇ ಎಂದೂ, ಇಲ್ಲಿಯ ಲಕ್ಷ್ಮೀರಮಣನನ್ನು ನೆನೆದೇ ಅವನು ‘ಜೈಮಿನಿ ಭಾರತ’ವನ್ನು ರಚಿಸಿದನೆಂದೂ ವಿದ್ವಾಂಸರಲ್ಲಿ ಬಹುಮಂದಿಯ ಮತ. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕುಳಿತು ಚಂದ್ರಹಾಸನ ಕಥೆಯನ್ನೋ ಸೀತಾಪರಿತ್ಯಾಗದ ಭಾಗವನ್ನೋ ಓದಿಸಿ ಕೇಳುತ್ತಿದ್ದ ಮನೆಗಳಲ್ಲಿ, ಈ ಗ್ರಂಥವು ಮತ್ತೊಂದು ಭಾಷೆಯಿಂದ ಬಂದುದೆಂದು ಯಾರೂ ಎಣಿಸುತ್ತಿರಲಿಲ್ಲ. ವಸ್ತುತಃ ಅದು ಸಂಸ್ಕೃತದಲ್ಲಿ ಜೈಮಿನಿಯ ಹೆಸರಿನಲ್ಲಿರುವ ಅಶ್ವಮೇಧದ ಕಥೆಯ ಕನ್ನಡ ರೂಪ. ಅದೇ ಕಾವ್ಯವು 1852ರಲ್ಲಿ ಮತ್ತೊಂದು ಗಡಿಯನ್ನು ದಾಟಿತು. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ ಎಂಬವರು ಅದನ್ನು ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಹೀಗೆ ಒಂದೇ ಕಾವ್ಯವು ಒಮ್ಮೆ ಕನ್ನಡದೊಳಕ್ಕೆ ಬಂದುದೂ ಉಂಟು, ಒಮ್ಮೆ ಕನ್ನಡದಿಂದ ಹೊರಕ್ಕೆ ಹೋದುದೂ ಉಂಟು.

ಈ ಎರಡು ಪ್ರಯಾಣಗಳನ್ನು ಎದುರುಬದುರಾಗಿ ಇರಿಸಿ ನೋಡಿದರೆ, ಭಾಷಾಂತರದ ವಿಮರ್ಶೆಯಲ್ಲಿ ಸಾಮಾನ್ಯವಾಗಿ ಕೇಳದೆ ಬಿಡುವ ಒಂದು ಪ್ರಶ್ನೆಯು ತಲೆದೋರುವುದು. ಭಾಷಾಂತರವು ಮೂಲನಿಷ್ಠವೆ, ಸರಳವೆ, ಸರಸವೆ ಎಂದು ವಿಮರ್ಶಕರು ಕೇಳುವರು. ಭಾಷಾಂತರಕಾರನು ಯಾರ ಅನ್ನವನ್ನು ಉಂಡು ಈ ಕೆಲಸವನ್ನು ಮಾಡಿದನು ಎಂದು ಕೇಳುವವರು ವಿರಳ. ಕೇಳಿದರೆ ಅಸಭ್ಯವೆಂದೂ ತೋರೀತು. ಆದರೆ ಅನ್ನದ ಋಣವು ಬರೆಹದಲ್ಲಿ ಗುರುತು ಬಿಡದೆ ಹೋಗುವುದಿಲ್ಲ. ಯಾವ ಪದವನ್ನು ಹಾಗೆಯೇ ಉಳಿಸುವುದು, ಯಾವುದಕ್ಕೆ ಅಡಿಟಿಪ್ಪಣಿ ಬರೆಯುವುದು, ಯಾವ ಗ್ರಂಥವನ್ನು ಕೈಗೆತ್ತಿಕೊಳ್ಳುವುದು, ಯಾವುದನ್ನು ಬಿಟ್ಟುಬಿಡುವುದು ಎಂಬ ನಿರ್ಧಾರಗಳಲ್ಲೆಲ್ಲ ಆ ಗುರುತು ಕಾಣಬರುವುದು. ಇಂದು ಕನ್ನಡಕ್ಕೂ ಇಂಗ್ಲಿಷಿಗೂ ನಡುವೆ ಕೆಲಸ ಮಾಡುವವರಲ್ಲಿ ಒಂದು ಹೊಸ ವರ್ಗವು ಮುಂದೆ ಬಂದಿರುವುದರಿಂದ ಈ ಪ್ರಶ್ನೆಗೆ ಹೆಚ್ಚಿನ ಮಹತ್ತ್ವ ಉಂಟಾಗಿದೆ. ಮಿಷನ್ನಿಗಾಗಲಿ ಸರ್ಕಾರಕ್ಕಾಗಲಿ ವಿಶ್ವವಿದ್ಯಾನಿಲಯಕ್ಕಾಗಲಿ ಸೇರದೆ, ಮಾಸಿಕ ವೇತನವಿಲ್ಲದೆ, ಪುಟಕ್ಕಿಷ್ಟು ಪದಕ್ಕಿಷ್ಟು ಎಂದು ಬರುವ ಸಂಭಾವನೆಯನ್ನು ನಂಬಿದ ಸ್ವತಂತ್ರ ಭಾಷಾಂತರಕಾರರ ವರ್ಗವದು. ಆ ‘ಸ್ವತಂತ್ರ’ ಎಂಬ ವಿಶೇಷಣದ ಅರ್ಥವೇನೆಂಬುದನ್ನು ವಿಚಾರಿಸುವುದು ಆವಶ್ಯಕ.

ಮೊದಲು ಲಕ್ಷ್ಮೀಶನನ್ನೇ ನೋಡಬಹುದು. ಅವನ ಕಾವ್ಯ 34 ಸಂಧಿಗಳ ವಾರ್ಧಕ ಷಟ್ಪದಿ. ಅವನು ಸಂಸ್ಕೃತ ಶ್ಲೋಕಕ್ಕೆ ಸರಿಯಾಗಿ ಕನ್ನಡ ಪದ್ಯವನ್ನು ಕೂಡಿಸುತ್ತ ಹೋದವನಲ್ಲ. ಬೇಕಾದಲ್ಲಿ ಹಿಗ್ಗಿಸಿದನು, ಬೇಡವಾದಲ್ಲಿ ಕುಗ್ಗಿಸಿದನು. ಕಥೆಯನ್ನು ಕನ್ನಡದ ಕಿವಿಗೆ ಒಪ್ಪಿಸುವುದೊಂದೇ ಅವನ ಲಕ್ಷ್ಯ. ಕೇಳುವವರೂ ಅವನ ಲೋಕದವರೇ ಆದಕಾರಣ ಅವನಿಗೆ ಟಿಪ್ಪಣಿ ಬೇಕಾಗಲಿಲ್ಲ. ಯಜ್ಞಾಶ್ವವೆಂದರೇನು, ಪತಿವ್ರತೆಯ ಶಾಪವೆಂದರೇನು ಎಂದು ದೇವಪುರದ ಶ್ರೋತೃವಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಹೃದಯರು ಅವನನ್ನು ಉಪಮಾಲೋಲನೆಂದೂ ನಾದಲೋಲನೆಂದೂ ಕೊಂಡಾಡಿದರು. ಭಾಷಾಂತರದ ಬಹುಮುಖ್ಯವಾದ ಕಷ್ಟವು ಈ ಎರಡು ಬಿರುದುಗಳಲ್ಲಿಯೇ ಅಡಗಿದೆ. ಉಪಮೆಯು ಗಡಿಯನ್ನು ದಾಟಬಲ್ಲದು, ನಾದವು ದಾಟಲಾರದು.

ಸ್ಯಾಂಡರ್ಸನ್ನರ ಕೆಲಸದಲ್ಲಿ ಇದು ಸ್ಪಷ್ಟವಾಗಿ ಕಾಣುವುದು. ಅವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ವಿಲಿಯಂ ರೀವರ ಕನ್ನಡ ನಿಘಂಟನ್ನು ತಿದ್ದಿ ಬೆಳೆಸಿ 1858ರಲ್ಲಿ ಹೊರತಂದವರೂ ಅವರೇ. ಆದರೆ ಅವರನ್ನು ಪೋಷಿಸಿದ ಮಿಷನ್ನಿಗೆ ಬೇಕಾಗಿದ್ದುದು ಕನ್ನಡವನ್ನು ಕಲಿಯುವ ಸಾಧನ. ಹೊಸದಾಗಿ ಹಡಗಿನಿಂದಿಳಿದ ಪಾದ್ರಿಯೂ ಅಧಿಕಾರಿಯೂ ಈ ದೇಶದ ಭಾಷೆಯನ್ನು ಅರಿತುಕೊಳ್ಳಬೇಕಾಗಿತ್ತು. ಆ ಕಲಿಕೆಗೆ ಲಕ್ಷ್ಮೀಶನು ಪಾಠಪುಸ್ತಕವಾದನು. ಆದಕಾರಣ ಪದ್ಯದೊಡನೆ ಟಿಪ್ಪಣಿ, ಪದಕ್ಕೆ ಪದ, ಅರ್ಥಕ್ಕೆ ಅರ್ಥ ಎಂಬ ಕ್ರಮವು ಸಹಜವಾಯಿತು. ಟಿಪ್ಪಣಿಯು ಉಪಮೆಯನ್ನು ಕಾಪಾಡಿತು. ನಾದವನ್ನು ಕಾಪಾಡಬೇಕೆಂಬ ಅಪೇಕ್ಷೆಯೇ ಆ ಕೆಲಸಕ್ಕೆ ಇರಲಿಲ್ಲ. ಇದು ದೋಷಾರೋಪಣೆಯಲ್ಲ. ಕಲಿಯುವವನಿಗೆಂದು ಕಟ್ಟಿದ ಗ್ರಂಥದಲ್ಲಿ ರಸಿಕನಿಗೆ ಬೇಕಾದುದನ್ನು ಹುಡುಕುವುದು ಅನ್ಯಾಯ. ಅನ್ನವನ್ನಿತ್ತ ಒಡೆಯನ ಪ್ರಯೋಜನವು ಪುಟದ ರೂಪವನ್ನೇ ನಿರ್ಣಯಿಸಿತು ಎಂಬುದಷ್ಟೇ ಇಲ್ಲಿ ಗಮನಿಸತಕ್ಕ ಅಂಶ.

ಸರ್ಕಾರದ ಅನ್ನವು ಇನ್ನೊಂದು ಬಗೆಯ ಗುರುತನ್ನು ಬಿಟ್ಟಿತು. ಅಂದು ಕಡೂರು ಜಿಲ್ಲೆಯೆನಿಸಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸರು 1901ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕಡೂರು ತಾಲ್ಲೂಕಿನ ಕಲ್ಲುಗಳು ಇಂಗ್ಲಿಷಿನಲ್ಲಿ ಮಾತನಾಡಿದುದು ಆ ಸಂಪುಟದಲ್ಲಿಯೇ. ಊರಿನ ಕೆರೆಯ ಏರಿಯ ಮೇಲೆ ಓದುವವರಿಲ್ಲದೆ ನಿಂತಿದ್ದ ದಾನದ ಮಾತು, ವೀರನ ಮಾತು, ಗಡಿಯ ಮಾತು ದೂರದ ವಿದ್ವಾಂಸನಿಗೂ ದೊರೆಯುವಂತಾದುದು ಸಾಮಾನ್ಯ ಉಪಕಾರವಲ್ಲ. ಆದರೆ ಅಲ್ಲಿಯ ಇಂಗ್ಲಿಷು ಕಚೇರಿಯ ಇಂಗ್ಲಿಷು. ಯಾರು ಯಾರಿಗೆ ಏನನ್ನು ಯಾವ ವರ್ಷದಲ್ಲಿ ಕೊಟ್ಟರೆಂಬುದು ಅದಕ್ಕೆ ಮುಖ್ಯ. ದಾನವನ್ನು ಅಳಿದವನಿಗೆ ಕೊನೆಯಲ್ಲಿ ಹೇಳುವ ಶಾಪವಾಕ್ಯದ ಕಾವು ಆ ಭಾಷೆಗೆ ಹಿಡಿಸುವಂಥದಲ್ಲ. ಮೇಲಾಗಿ, ಹಳ್ಳಿಹಳ್ಳಿಗೆ ಹೋಗಿ ಕಲ್ಲನ್ನು ತೊಳೆದು ಪ್ರತಿಯೆತ್ತಿ ಓದಿಕೊಟ್ಟ ಪಂಡಿತರ ಶ್ರಮವೂ ಅದರಲ್ಲಿದ್ದಿತು. ಗ್ರಂಥಕ್ಕೆ ಅಂಟಿಕೊಂಡುದು ಮಾತ್ರ ಒಂದೇ ಹೆಸರು. ಭಾಷಾಂತರದಲ್ಲಿ ದುಡಿದವರ ಹೆಸರು ಮರೆಯಾಗುವುದು ಇಂದಿನ ರೋಗವಲ್ಲ.

ಮೂರನೆಯ ಒಡೆಯನು ವಿಶ್ವವಿದ್ಯಾನಿಲಯ. ಈ ಆಶ್ರಯದಲ್ಲಿ ಕನ್ನಡಕ್ಕೆ ದೊರೆತ ಭಾಷಾಂತರಕಾರರಲ್ಲಿ ಎ. ಕೆ. ರಾಮಾನುಜನ್ ಅಗ್ರಗಣ್ಯರು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಅವರು 1973ರಲ್ಲಿ ವಚನಗಳ ಅನುವಾದವಾದ ‘ಸ್ಪೀಕಿಂಗ್ ಆಫ್ ಶಿವ’ವನ್ನೂ, 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದವನ್ನೂ ಪ್ರಕಟಿಸಿದರು. ಎರಡರಲ್ಲಿಯೂ ಇಂಗ್ಲಿಷು ಕಚೇರಿಯದಲ್ಲ, ಕವಿಯದು. ಆದರೂ ಮೂಲದ ಹಿಂದೆಮುಂದೆ ಅಧ್ಯಾಪಕನ ನೆರಳು ಬಿದ್ದಿದೆ. ವಚನಗಳ ಮೊದಲಲ್ಲಿ ದೀರ್ಘವಾದ ಪ್ರಸ್ತಾವನೆ. ‘ಸಂಸ್ಕಾರ’ದ ಕೊನೆಯಲ್ಲಿ ಪಶ್ಚಾದ್ವಚನ ಮತ್ತು ಟಿಪ್ಪಣಿಗಳು. ತರಗತಿಯಲ್ಲಿ ಕುಳಿತ ಅನ್ಯದೇಶದ ವಿದ್ಯಾರ್ಥಿಗೆ ಇವು ಕೈದೀವಿಗೆಗಳು. ಅವುಗಳಿಂದಲೇ ಆ ಗ್ರಂಥಗಳು ಪಾಠಕ್ರಮಗಳಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದವು ಎಂದರೂ ಸಲ್ಲುವುದು.

ರಾಮಾನುಜನ್ನರು ವಚನಗಳ ಅಂಕಿತಗಳನ್ನೂ ಇಂಗ್ಲಿಷಿಗೆ ತಿರುಗಿಸಿದರು. ಕೂಡಲಸಂಗಮದೇವನು ಕೂಡುವ ಹೊಳೆಗಳ ಒಡೆಯನಾದನು. ಗುಹೇಶ್ವರನು ಗವಿಗಳ ಒಡೆಯನಾದನು. ಕಾವ್ಯದೃಷ್ಟಿಯಿಂದ ಇದು ಸುಂದರ. ಓದುವ ಅನ್ಯಭಾಷಿಕನಿಗೆ ಎಡವುವ ಕಲ್ಲೇ ಇಲ್ಲ. ಆದರೆ ಅಂಕಿತವು ಹೆಸರು. ಹೆಸರನ್ನು ಅರ್ಥವಾಗಿ ಮಾರ್ಪಡಿಸಿದರೆ, ಕರೆದರೆ ಓಗೊಡುವ ದೇವರು ಹೋಗಿ ವರ್ಣಿಸಲ್ಪಟ್ಟ ದೇವರು ಉಳಿಯುವನು. ಲಕ್ಷ್ಮೀಶನ ದೇವಪುರ ಲಕ್ಷ್ಮೀರಮಣನನ್ನು ದೇವರ ಊರಿನ ಸಿರಿಯ ಗಂಡನೆಂದು ತಿರುಗಿಸಿದರೆ ದೇವನೂರಿನವರಿಗೆ ಹೇಗಾದೀತೆಂದು ಊಹಿಸಿದರೆ ಸಾಕು. ತೇಜಸ್ವಿನಿ ನಿರಂಜನ ಅವರು 1992ರಲ್ಲಿ ಪ್ರಕಟವಾದ ತಮ್ಮ ‘ಸೈಟಿಂಗ್ ಟ್ರಾನ್ಸ್‌ಲೇಶನ್’ ಎಂಬ ಗ್ರಂಥದಲ್ಲಿ ಅಲ್ಲಮನ ವಚನವೊಂದರ ಅನುವಾದಗಳನ್ನು ಪರಿಶೀಲಿಸಿ, ರಾಮಾನುಜನ್ನರ ಕ್ರಮವನ್ನು ಆಕ್ಷೇಪಿಸಿ, ತಾವೇ ಬೇರೊಂದು ಅನುವಾದವನ್ನು ಮುಂದಿಟ್ಟರು. ಭಾಷಾಂತರವನ್ನು ಹೀಗೆ ಮೂಲದ ಪಕ್ಕದಲ್ಲಿಟ್ಟು ಪದಪದವಾಗಿ ಪ್ರಶ್ನಿಸುವ ವಿಮರ್ಶೆಯು ಕನ್ನಡದಲ್ಲಿ ಇನ್ನೂ ಬಹುವಾಗಿ ಬೆಳೆಯಬೇಕಾಗಿದೆ.

ಇಷ್ಟು ಪೀಠಿಕೆಯ ಮೇಲೆ ಸ್ವತಂತ್ರರ ಕಡೆಗೆ ತಿರುಗಬಹುದು. 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಎಂಬ ಕಥಾಸಂಕಲನಕ್ಕೆ ದೊರೆತುದು ಸರ್ವವಿದಿತ. ಕನ್ನಡದ ಗ್ರಂಥವೊಂದಕ್ಕೆ ಆ ಪ್ರಶಸ್ತಿಯು ಬಂದುದು ಅದೇ ಮೊದಲು. ಸಣ್ಣಕಥೆಗಳ ಸಂಕಲನಕ್ಕೆ ಬಂದುದೂ ಅದೇ ಮೊದಲು. ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಅವರು ವಿಶ್ವವಿದ್ಯಾನಿಲಯದ ಪೀಠದಿಂದ ಬಂದವರಲ್ಲ. ಬರೆಹವನ್ನೇ ವೃತ್ತಿಯಾಗಿ ಹಿಡಿದವರು. ಅದಕ್ಕೆ ಮುಂಚೆ ಶಿವರಾಮ ಕಾರಂತರ ‘ಅದೇ ಊರು, ಅದೇ ಮರ’ವನ್ನೂ, ತಮ್ಮ ನಾಡಿನವರೇ ಆಗಿ 1939ರಲ್ಲಿ ಎಳೆಯ ವಯಸ್ಸಿನಲ್ಲಿ ಗತಿಸಿದ ಕೊಡಗಿನ ಗೌರಮ್ಮನವರ ಕಥೆಗಳನ್ನೂ ಅನುವಾದಿಸಿದ್ದರು. 1990ರಿಂದ 2023ರವರೆಗಿನ ಬಾನು ಅವರ ಬರೆಹದಿಂದ 12 ಕಥೆಗಳನ್ನು ಆರಿಸಿದವರೂ ಅವರೇ. ಸ್ವಾತಂತ್ರ್ಯದ ಮೊದಲನೆಯ ಲಕ್ಷಣವು ಇದು: ಯಾರನ್ನು ಅನುವಾದಿಸಬೇಕೆಂಬುದನ್ನು ಮಿಷನ್ನಾಗಲಿ ಪಾಠಕ್ರಮವಾಗಲಿ ಗೊತ್ತುಮಾಡಲಿಲ್ಲ.

ಎರಡನೆಯ ಲಕ್ಷಣವು ಪುಟದ ಮೇಲೆಯೇ ಕಾಣುವುದು. ‘ಹಾರ್ಟ್ ಲ್ಯಾಂಪ್’ನಲ್ಲಿ ಅಡಿಟಿಪ್ಪಣಿಗಳಿಲ್ಲ, ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆಯಕ್ಷರದಲ್ಲಿ ಅಚ್ಚಿಸಿ ಪ್ರತ್ಯೇಕಿಸಿಯೂ ಇಲ್ಲ. ಓರೆಯಕ್ಷರದ ವಿರುದ್ಧವಾಗಿಯೇ ಅನುವಾದಕಿ ಗ್ರಂಥದ ಕೊನೆಯಲ್ಲಿ ಒಂದು ಟಿಪ್ಪಣಿಯನ್ನು ಬರೆದಿದ್ದಾರೆ. ಪದಕ್ಕೆ ಓರೆಯಕ್ಷರವನ್ನು ತೊಡಿಸುವುದೆಂದರೆ, ಮನೆಗೆ ಬಂದವರನ್ನು ಪಡಸಾಲೆಯಲ್ಲಿ ಕೂರಿಸಿ ಒಳಗೆ ಕರೆಯದಿರುವಂತೆ. ಇಂಗ್ಲಿಷಿನ ಓದುಗನು ಗಾಬರಿಗೊಳ್ಳುವನೆಂಬ ಭಯವೇ ಆ ಸಂಪ್ರದಾಯಕ್ಕೆ ಮೂಲ. ಆ ಭಯವು ನಿಜವಾದುದೆ ಎಂಬುದನ್ನು ಪಂಚನಹಳ್ಳಿಯ ತೆಂಗಿನ ತೋಟದಲ್ಲಿ ನಿಂತು ಪರೀಕ್ಷಿಸಬಹುದು. ಎಳನೀರು, ಹೊಂಬಾಳೆ, ಸೋಗೆ, ಮಟ್ಟೆ, ಕರಟ, ಕೊಬ್ಬರಿ ಎಂದು ಒಂದೊಂದಕ್ಕೂ ಒಂದೊಂದು ಹೆಸರುಳ್ಳ ಮರ ಅದು. ಇಂಗ್ಲಿಷಿಗೆ ಬಂದರೆ ಬಹುಪಾಲು ಎಲ್ಲವೂ ‘ಕೋಕೊನಟ್’ ಎಂಬುದಕ್ಕೆ ಅಂಟಿಸಿದ ಬಾಲಗಳಾಗುವವು. ಆದರೆ ಕೊಬ್ಬರಿಗೆ ಇಂಗ್ಲಿಷಿನಲ್ಲಿ ‘ಕೊಪ್ರ’ ಎಂದೂ ನಾರಿಗೆ ‘ಕಾಯರ್’ ಎಂದೂ ಪ್ರತ್ಯೇಕ ಪದಗಳುಂಟು. ಎರಡೂ ಮಲಯಾಳದ ಕರಾವಳಿಯಿಂದ ಹಡಗು ಹತ್ತಿ ಹೋದ ಪದಗಳೇ. ವ್ಯಾಪಾರಿಗೆ ಸರಕು ಬೇಕಾದಾಗ ಇಂಗ್ಲಿಷು ಆ ಪದಗಳನ್ನು ಟಿಪ್ಪಣಿ ಬೇಡದೆ, ಓರೆಯಕ್ಷರ ತೊಡಿಸದೆ ತನ್ನದಾಗಿ ಮಾಡಿಕೊಂಡಿತು. ವರ್ತಕನಿಗಾಗಿ ಇಷ್ಟು ಸುಲಭವಾಗಿ ತೆರೆದ ಬಾಗಿಲು ಕಥೆಗಾರ್ತಿಗೆ ಮುಚ್ಚಿರಬೇಕೆಂಬುದಕ್ಕೆ ಭಾಷಾಶಾಸ್ತ್ರದಲ್ಲಿ ಕಾರಣವಿಲ್ಲ.

ಬಾನು ಅವರ ಕಥೆಗಳ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಮೂಲದ ಕನ್ನಡವೇ ಉರ್ದುವಿನ ಬಳಕೆಯಿಂದ ನೆನೆದ ಕನ್ನಡ. ಮುಸ್ಲಿಂ ಮನೆಗಳ ಒಳಮಾತನ್ನು ಅರಿಯದ ಕನ್ನಡ ಓದುಗನಿಗೂ ಅಲ್ಲಿ ಅಪರಿಚಿತವಾದ ಪದಗಳು ಎದುರಾಗುವವು; ಅವನು ಸಂದರ್ಭದಿಂದ ಅರ್ಥವನ್ನು ಊಹಿಸಿಕೊಳ್ಳುತ್ತ ನಡೆಯುವನು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಎಂಬ ಹೆಸರೂ ಇದೇ ಬಗೆಯದು. ಅದು ಯಾವ ಕನ್ನಡ ನಿಘಂಟಿಗೂ ಸೇರದ, ಕಥೆಯೊಳಗಿನ ಒಂದು ಮನೆಯವರು ಕಟ್ಟಿಕೊಂಡ ಮಾತು. 2015ರಲ್ಲಿ ಇಂಗ್ಲಿಷಿಗೆ ತಂದ ಶ್ರೀನಾಥ್ ಪೆರೂರರು ಅದನ್ನು ಹಾಗೆಯೇ ಉಳಿಸಿದರು. ಮೂಲದ ಓದುಗನಿಗೆ ಇದ್ದಷ್ಟೇ ಕತ್ತಲೆಯನ್ನು ಅನುವಾದದ ಓದುಗನಿಗೂ ಇರಿಸುವುದು ನಿಷ್ಠೆಯೇ ಹೊರತು ಆಲಸ್ಯವಲ್ಲ. ಟಿಪ್ಪಣಿಯನ್ನು ಹಾಕಿದ್ದರೆ, ಕನ್ನಡಿಗನಿಗಿಲ್ಲದ ಅನುಕೂಲವನ್ನು ಪರಕೀಯನಿಗೆ ಕೊಟ್ಟಂತಾಗುತ್ತಿತ್ತು.

ಆದರೆ ಪದಗಳನ್ನು ಹಾಗೆಯೇ ಉಳಿಸುವುದರಿಂದ ಎಲ್ಲ ತೊಡಕುಗಳೂ ಪರಿಹಾರವಾಗುವುವೆಂದು ಭಾವಿಸಿದರೆ ತಪ್ಪಾದೀತು. ‘ಅತ್ತೆ’ ಎಂಬ ಪದವನ್ನು ಇಂಗ್ಲಿಷಿನ ವಾಕ್ಯದೊಳಗೆ ಹಾಗೆಯೇ ಕೂರಿಸಬಹುದು. ಸೋದರತ್ತೆಯೂ ಗಂಡನ ತಾಯಿಯೂ ಒಂದೇ ಹೆಸರಿನಿಂದ ಕರೆಯಲ್ಪಡುವುದನ್ನು ಜಾಣ ಓದುಗನು ಹತ್ತು ಪುಟಗಳಲ್ಲಿ ಕಲಿತುಕೊಳ್ಳುವನು. ‘ನೀವು’ ಎಂಬುದನ್ನು ಹಾಗೆ ಕೂರಿಸುವುದಕ್ಕಾಗುವುದಿಲ್ಲ. ಇಪ್ಪತ್ತು ವರ್ಷ ‘ನೀವು’ ಎನ್ನುತ್ತಿದ್ದ ಹೆಂಡತಿಯು ಒಂದು ರಾತ್ರಿ ಗಂಡನನ್ನು ‘ನೀನು’ ಎಂದರೆ ಕನ್ನಡ ಮನೆಯಲ್ಲಿ ಗೋಡೆ ಬಿರಿದಂತಾಗುವುದು. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಮಾತು. ‘ಬಂದಳಂತೆ’ ಎಂಬಲ್ಲಿಯ ಕೊನೆಯ ಪ್ರತ್ಯಯವು, ಹೇಳುವವನು ಕಣ್ಣಾರೆ ಕಂಡಿಲ್ಲ, ಊರಿನ ಬಾಯಿಂದ ಕೇಳಿದ್ದಾನೆ, ಪ್ರಾಯಶಃ ನಂಬಿಲ್ಲ ಎಂಬಿಷ್ಟನ್ನೂ ಹೊತ್ತು ನಿಂತಿರುವುದು. ಇಂಥ ಕಡೆ ಪದವನ್ನು ಉಳಿಸಿ ಪಾರಾಗುವ ಮಾರ್ಗವಿಲ್ಲ. ವಾಕ್ಯವನ್ನೇ ಒಡೆದು ಕಟ್ಟಬೇಕು. ಎಲ್ಲಿಯೋ ಒಂದು ಮೌನವನ್ನು, ಎಲ್ಲಿಯೋ ಹೆಸರು ಹಿಡಿದು ಕರೆಯುವ ಒರಟುತನವನ್ನು ತಂದು ತುಂಬಬೇಕು. ಒಂದು ವಾಕ್ಯಕ್ಕೆ ಒಂದು ಹಗಲು ಹೋಗಬಹುದು. ಓರೆಯಕ್ಷರವಿಲ್ಲದಿರುವುದು ಎಲ್ಲರಿಗೂ ಕಾಣುವ ಧೈರ್ಯ. ಈ ಕೆಲಸವು ಯಾರಿಗೂ ಕಾಣದ ಶ್ರಮ. ಸ್ವತಂತ್ರ ಭಾಷಾಂತರಕಾರರ ಯೋಗ್ಯತೆಯನ್ನು ಅಳೆಯಬೇಕಾದುದು ಇಲ್ಲಿಯೇ.

ಅವರ ಕಷ್ಟವು ತೊಡಗುವುದೂ ಇಲ್ಲಿಯೇ. ಒಂದು ವಾಕ್ಯಕ್ಕೆ ಕೊಟ್ಟ ಹಗಲಿಗೆ ಸಂಬಳ ಕೊಡುವವರು ಯಾರು? ಪದದ ಲೆಕ್ಕದಲ್ಲಿ ಕೂಲಿ ಬರುವಲ್ಲಿ ಕಠಿಣವಾದ ಪದಕ್ಕೂ ಸುಲಭವಾದ ಪದಕ್ಕೂ ಬೆಲೆಯೊಂದೇ. ಆದಕಾರಣ ಸಾಹಿತ್ಯದ ಅನುವಾದಕರು ಬ್ಯಾಂಕಿನ ಪ್ರಕಟಣೆಗಳನ್ನೂ, ನ್ಯಾಯಾಲಯದ ಕಾಗದಗಳನ್ನೂ, ಚಲನಚಿತ್ರದ ಅಡಿಬರಹಗಳನ್ನೂ ತಿರುಗಿಸಿ ಸಂಸಾರವನ್ನು ನಡೆಸಿ, ಉಳಿದ ಹೊತ್ತನ್ನು ಕಥೆಗೆ ಕೊಡುವುದು ಸಾಮಾನ್ಯ. ಇದರ ಗುರುತೂ ಬರೆಹದಲ್ಲಿ ಬೀಳದೆ ಇರದು. ಹೊತ್ತು ಚಿಕ್ಕದಾದರೆ ಗ್ರಂಥವೂ ಚಿಕ್ಕದಾಗುವುದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಎಂದರೆ ಇದೇ ಜಿಲ್ಲೆಯಲ್ಲಿ ಹುಟ್ಟಿದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಪ್ರಕಟವಾಯಿತು. ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ‘ಬ್ರೈಡ್ ಇನ್ ದ ಹಿಲ್ಸ್’ ಎಂದು ಇಂಗ್ಲಿಷಿಗೆ ಬಂದುದು 2024ರಲ್ಲಿ, 57 ವರ್ಷಗಳ ಮೇಲೆ. ಅವರು ಬಹುಕಾಲ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಈ ವಿಳಂಬಕ್ಕೆ ಕಾರಣಗಳು ಹಲವಿರಬಹುದು. ಆದರೆ ಅಂಥ ಅರಣ್ಯದಂಥ ಗ್ರಂಥವನ್ನು, ನಾಳೆಯ ಅಕ್ಕಿಯ ಚಿಂತೆಯಿರುವವರು ಹೊಗಲು ಅಂಜುವುದು ಸಹಜವೆಂಬುದನ್ನು ಅಲ್ಲಗಳೆಯಲಾಗದು. ಸ್ವತಂತ್ರರಿಗೆ ಒಡೆಯನಿಲ್ಲ ನಿಜ. ಹಸಿವೆಯೆಂಬ ಒಡೆಯನು ಎಲ್ಲರಿಗೂ ಇರುವನು.

ಹಸಿವೆಯನ್ನು ತಾನೇ ನೀಗಿಸಿಕೊಂಡು ಭಾಷಾಂತರವನ್ನು ಕೈಗೊಂಡವರೂ ಈ ನಾಡಿನಲ್ಲಿ ಇದ್ದರು. ಹಾವೇರಿಯ ಕಡೆಯ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರಿಗೆ ಹೋಗಿ ಮಾರಿದರೆಂದು ಪ್ರಸಿದ್ಧಿಯಿದೆ. ಅವರ ಅನ್ನದಾತನು ಓದುಗನೇ. ಆದಕಾರಣ ಅವರ ಕನ್ನಡವೂ ಓದುಗನ ಮನೆಯ ಬಾಗಿಲಲ್ಲಿ ನಿಂತು ಮಾತನಾಡುವ ಕನ್ನಡ. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿಯ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರಿಗೆ ತೋಟವಿದ್ದಿತು. ಅವರು ಕೆನೆತ್ ಆಂಡರ್ಸನ್ನರ ಬೇಟೆಯ ಕಥೆಗಳನ್ನು ‘ಕಾಡಿನ ಕಥೆಗಳು’ ಎಂಬ ಮಾಲೆಯಲ್ಲಿ ಕನ್ನಡಕ್ಕೆ ತಂದು, ಅದನ್ನು ಭಾವಾನುವಾದವೆಂದು ಮುಚ್ಚುಮರೆಯಿಲ್ಲದೆ ಕರೆದರು. ಆಂಡರ್ಸನ್ನರ ಕಥೆಗಳು ಇಂಗ್ಲಿಷಿನಲ್ಲಿದ್ದರೂ ಅವುಗಳ ಕಾಡುಗಳು ಬಹುವಾಗಿ ಇಲ್ಲಿಯವೇ. ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿಯ ಹೆಸರನ್ನೇ ಅವರು ಒಂದು ಕಥೆಯ ತಲೆಯ ಮೇಲಿಟ್ಟಿದ್ದಾರೆ. ಅಂಥ ಕಥೆಗಳನ್ನು ಕನ್ನಡಕ್ಕೆ ತರುವುದೆಂದರೆ, ಪರರ ಮನೆಯಲ್ಲಿ ಬೆಳೆದ ಮಗುವನ್ನು ತವರಿಗೆ ಕರೆತಂದಂತೆ. ಇಂಗ್ಲಿಷಿನಲ್ಲಿ ವಿದೇಶೀ ಓದುಗನಿಗಾಗಿ ಮಾಡಿದ ವಿವರಣೆಗಳು ಇಲ್ಲಿ ಬೇಡವಾದವು. ಹಳ್ಳಿಗರ ಮಾತು ಹಳ್ಳಿಗರ ಮಾತಾಗಿಯೇ ಮರಳಿತು. ಮೂಲನಿಷ್ಠೆಯನ್ನೇ ಅಳತೆಗೋಲಾಗಿ ಹಿಡಿದವರು ಈ ಸ್ವಾತಂತ್ರ್ಯವನ್ನು ಅತಿಯಾಯಿತೆಂದು ಹೇಳಬಹುದು. ಆದರೆ ಅದು ಕದ್ದ ಸ್ವಾತಂತ್ರ್ಯವಲ್ಲ, ಹೆಸರು ಹೇಳಿ ತೆಗೆದುಕೊಂಡ ಸ್ವಾತಂತ್ರ್ಯ. ಅದರ ಹಿಂದೆ ಸ್ವಂತ ಭೂಮಿಯ ಬೆಂಬಲವಿದ್ದುದನ್ನೂ ಮರೆಯಬಾರದು.

ಅನ್ನವೇ ಎಲ್ಲವನ್ನೂ ನಿರ್ಣಯಿಸುವುದಾದರೆ ಪ್ರತಿಭೆಗೆ ಸ್ಥಾನವೆಲ್ಲಿ ಎಂಬ ಆಕ್ಷೇಪವು ಇಲ್ಲಿ ಬರಬಹುದು. ಅದು ನ್ಯಾಯವಾದುದೇ. ಸಂಬಳದ ಪೀಠದಲ್ಲಿ ಕುಳಿತು ಮಾಡಿದ ಒಣ ಅನುವಾದಗಳು ಬೇಕಾದಷ್ಟಿವೆ; ಬಡತನದಲ್ಲಿ ಮಾಡಿದ ಜೀವಂತವಾದ ಅನುವಾದಗಳೂ ಇವೆ. ರಾಮಾನುಜನ್ನರ ಪದಪ್ರಜ್ಞೆಯನ್ನು ಶಿಕಾಗೋ ಕೊಟ್ಟುದಲ್ಲ. ತೇಜಸ್ವಿಯವರ ವಿನೋದವನ್ನು ಕಾಫಿಯ ಗಿಡವು ಬಿಟ್ಟುದಲ್ಲ. ಅನ್ನವು ಪ್ರತಿಭೆಯನ್ನು ಹುಟ್ಟಿಸಲಾರದು. ಅದಕ್ಕೆ ಎಷ್ಟು ಹೊತ್ತು, ಯಾವ ದಿಕ್ಕು ಎಂಬುದನ್ನು ಮಾತ್ರ ಗೊತ್ತುಮಾಡುವುದು. ವಿಮರ್ಶಕನು ಅದನ್ನರಿತಿದ್ದರೆ, ಸ್ಯಾಂಡರ್ಸನ್ನರಲ್ಲಿ ಇಲ್ಲದುದಕ್ಕಾಗಿ ಅವರನ್ನು ಹಳಿಯದೆ, ಸ್ವತಂತ್ರರಲ್ಲಿ ಇರುವುದನ್ನು ಕಾಣದೆ ಹೋಗದೆ, ಅವರವರ ಕೆಲಸವನ್ನು ಅವರವರ ನೆಲೆಯಿಂದ ತೂಗಬಲ್ಲನು.

ಗೌರವದ ವಿಷಯವೂ ಒಂದಿದೆ. ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯ 50,000 ಪೌಂಡುಗಳನ್ನು ಮೂಲಲೇಖಕರಿಗೂ ಭಾಷಾಂತರಕಾರರಿಗೂ ಸಮವಾಗಿ ಹಂಚುವರು. ನಮ್ಮ ದೇಶದ ಸಾಹಿತ್ಯ ಅಕಾಡೆಮಿಯು 1989ರಲ್ಲಿ ಅನುವಾದಕ್ಕೆಂದೇ ಬಹುಮಾನವನ್ನು ಏರ್ಪಡಿಸಿದುದು ಸ್ತುತ್ಯವಾದ ಕಾರ್ಯ. ಆದರೆ ಸ್ವತಂತ್ರ ಕೃತಿಗೆ ಒಂದು ಲಕ್ಷ ರೂಪಾಯಿಗಳಾದರೆ ಅನುವಾದಕ್ಕೆ ಐವತ್ತು ಸಾವಿರ. ಎರಡು ಪ್ರಶಸ್ತಿಗಳ ಉದ್ದೇಶವೂ ಬೇರೆಬೇರೆಯಾದುದರಿಂದ ಅಂಕೆಗಳನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಅನುವಾದವೆಂದರೆ ಅರ್ಧ ಕೆಲಸವೆಂಬ ಭಾವನೆಯು ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ಮಾತ್ರ ಆ ಅಂಕೆಗಳು ಸೂಚಿಸುವುವು. ಕನ್ನಡದ ಮನೆಗಳಲ್ಲಿಯೂ ಇದೇ ಭಾವನೆ. ಪುಸ್ತಕದ ಕಪಾಟಿನಲ್ಲಿರುವ ಅನುವಾದಗಳ ಮೂಲಲೇಖಕರ ಹೆಸರನ್ನು ಕೇಳಿದರೆ ಮಕ್ಕಳೂ ಹೇಳಿಯಾರು. ಅನುವಾದಿಸಿದವರ ಹೆಸರನ್ನು ಕೇಳಿದರೆ ಹಿರಿಯರೂ ಎದ್ದು ಹೊದಿಕೆಯನ್ನು ನೋಡಬೇಕಾದೀತು.

ಕೊನೆಯದಾಗಿ ಒಂದು ಮಾತು. ಲಂಡನ್ನಿನ ತೀರ್ಪು ಇಂಗ್ಲಿಷಿನ ಪಾಠದ ಮೇಲೆ ಕೊಟ್ಟ ತೀರ್ಪು. ಆ ಇಂಗ್ಲಿಷು ಜೀವಂತವಾಗಿದೆಯೆ, ಹೊಸದಾಗಿದೆಯೆ ಎಂಬುದನ್ನು ಅಲ್ಲಿಯವರು ಬಲ್ಲರು. ಅದು ಬಾನು ಅವರ ಕನ್ನಡಕ್ಕೆ ಎಲ್ಲಿ ಸಲ್ಲುವುದು, ಎಲ್ಲಿ ಸಲ್ಲದೆ ಹೋಗುವುದು, ‘ನೀವು’ ‘ನೀನು’ ಆದ ಗಳಿಗೆಯು ದಾಟಿಬಂದಿದೆಯೆ, ‘ಅಂತೆ’ಯಲ್ಲಿಯ ಅನುಮಾನವು ಉಳಿದಿದೆಯೆ ಎಂಬುದನ್ನು ಅಲ್ಲಿಂದ ಹೇಳುವುದಕ್ಕಾಗದು. ಎರಡು ಭಾಷೆಗಳನ್ನೂ ಬಲ್ಲವರು ಮಾತ್ರ ಅದನ್ನು ಹೇಳಬಲ್ಲರು. ಅಂಥವರು ಇಂದು ಪಂಚನಹಳ್ಳಿ, ಬೀರೂರು, ತರೀಕೆರೆ, ಅಜ್ಜಂಪುರಗಳ ಅನೇಕ ಮನೆಗಳಲ್ಲಿ ಇದ್ದಾರೆ. ಮನೆಯಲ್ಲಿ ಒಬ್ಬರು ಕನ್ನಡದ ಪುಸ್ತಕವನ್ನೂ ಕಾಲೇಜಿಗೆ ಹೋಗುವ ಮತ್ತೊಬ್ಬರು ಇಂಗ್ಲಿಷಿನದನ್ನೂ ಹಿಡಿದು, ಒಂದು ಕಥೆಯನ್ನು ವಾಕ್ಯಕ್ಕೆ ವಾಕ್ಯ ಕೂಡಿ ಓದಿದರೆ, ಹಿಂದೆ ಜಗಲಿಯ ಮೇಲೆ ‘ಜೈಮಿನಿ ಭಾರತ’ವನ್ನು ಓದಿ ಅರ್ಥ ಹೇಳಿಸುತ್ತಿದ್ದ ಪದ್ಧತಿಯೇ ಬೇರೊಂದು ರೂಪದಲ್ಲಿ ಮರಳಿ ಬಂದಂತಾಗುವುದು. ಅದರಿಂದ ಭಾಷಾಂತರಕಾರರಿಗೆ ಎರಡು ಪ್ರಯೋಜನಗಳುಂಟು. ಕೊಂಡ ಪುಸ್ತಕದಿಂದ ಅಲ್ಪಸ್ವಲ್ಪವಾದರೂ ಅನ್ನ. ಕೂಡಿ ಓದಿದ ವಿಮರ್ಶೆಯಿಂದ, ತಾವು ಒಂದು ವಾಕ್ಯಕ್ಕೆ ಕೊಟ್ಟ ಹಗಲು ಯಾರ ಕಣ್ಣಿಗಾದರೂ ಬಿತ್ತೆಂಬ ಸಮಾಧಾನ. ಮಿಷನ್ನು, ಸರ್ಕಾರ, ವಿಶ್ವವಿದ್ಯಾನಿಲಯ ಮೂರೂ ತಮ್ಮ ತಮ್ಮ ಕಾಲದಲ್ಲಿ ಈ ಋಣವನ್ನು ಹೊತ್ತವು. ಸ್ವತಂತ್ರರ ಋಣವನ್ನು ಹೊರಬೇಕಾದವರು ಓದುಗರು. ತೀರ್ಪಿನ ಉಳಿದ ಅರ್ಧವು ಇನ್ನೂ ಹೊರಬೀಳಬೇಕಾಗಿದೆ. ಅದು ಈ ಮನೆಗಳಿಂದಲೇ ಬರಬೇಕು.